ಬೆಳಗೊಳಕ್ಕೆ ಬೇಕಾಗಿದ್ದ ಭಾಷೆಗಳು

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಾಗೂರು ಒಂದು ಹೋಬಳಿ, ಶ್ರವಣಬೆಳಗೊಳ ಇನ್ನೊಂದು. ಬಾಗೂರಿನ ಸುತ್ತಲಿನ ತೆಂಗು-ರಾಗಿಯ ಹಳ್ಳಿಗಳಲ್ಲಿ ಮನೆಯ ಮಾತಿಗೂ ಸಂತೆಯ ವ್ಯವಹಾರಕ್ಕೂ ಕನ್ನಡವೊಂದೇ ಸಾಕು. ಅದೇ ಜಿಲ್ಲೆಯಲ್ಲಿ ಮನೆಗೊಂದು, ಬೀದಿಗೊಂದು ಮಾತನ್ನು ಇಟ್ಟುಕೊಂಡವರೂ ಇದ್ದಾರೆ. ಕೌಶಿಕದ ಸಂಕೇತಿಗಳು ಮನೆಯಲ್ಲಿ ತಮಿಳಿಗೂ ಮಲಯಾಳಕ್ಕೂ ನಂಟಿರುವ ಸಂಕೇತಿಯನ್ನು ಆಡುತ್ತಾರೆ. ಹೆಬ್ಬಾರ ಶ್ರೀವೈಷ್ಣವರ ಮನೆಮಾತು ಕನ್ನಡದಲ್ಲಿ ನೆನೆದ ತಮಿಳು. ಹೊಸಿಲು ದಾಟಿದೊಡನೆ ಇಬ್ಬರೂ ಕನ್ನಡಿಗರೇ. ಈ ಸೀಮೆಯ ಜೈನರ ಸ್ಥಿತಿ ಇವೆರಡಕ್ಕಿಂತ ಬೇರೆ. ಅವರಿಗೆ ಮನೆಯಲ್ಲಿಯೂ ಕನ್ನಡ, ಬೀದಿಯಲ್ಲಿಯೂ ಕನ್ನಡ. ಆದರೆ ಅವರ ಆಗಮವಿರುವುದು ಯಾರ ಮನೆಯಲ್ಲಿಯೂ ಈಗ ಕೇಳಿಬರದ ಪ್ರಾಕೃತದಲ್ಲಿ. ಹೀಗಾಗಿ, ಕನ್ನಡ ಬಲ್ಲವನು ಇನ್ನಾವ ಭಾಷೆಯನ್ನು ಕಲಿಯಬೇಕು ಎಂಬ ಪ್ರಶ್ನೆ ಇಲ್ಲಿ ಇಂಗ್ಲಿಷಿನೊಡನೆ ಹುಟ್ಟಿದ್ದಲ್ಲ. ಅದಕ್ಕೆ ಕನಿಷ್ಠ 1400 ವರ್ಷಗಳ ವಯಸ್ಸಿದೆ, ಮತ್ತು ಅದಕ್ಕೆ ಕಾಲಕಾಲಕ್ಕೆ ದೊರೆತ ಉತ್ತರಗಳು ಬೆಳಗೊಳದ ಬಂಡೆಗಳ ಮೇಲೆಯೇ ಉಳಿದಿವೆ.

ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಬೆಳಗೊಳದ ಶಾಸನಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರ ಪರಿಷ್ಕರಣದಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. 1973ರ ಎಪಿಗ್ರಾಫಿಯ ಕರ್ಣಾಟಿಕದ ಎರಡನೆಯ ಸಂಪುಟದಲ್ಲಿ ಅದು 573 ಆಯಿತು. ಇವುಗಳಲ್ಲಿ ಕನ್ನಡದವೇ ಬಹುಪಾಲು. ಉಳಿದವು ಸಂಸ್ಕೃತ, ತಮಿಳು, ಮರಾಠಿ, ಮಾರವಾಡಿಗಳಲ್ಲಿವೆ. ಲಿಪಿಗಳಲ್ಲಿ ಕನ್ನಡದ ಜೊತೆಗೆ ಗ್ರಂಥ, ವಟ್ಟೆಳುತ್ತು, ನಾಗರಿ, ಮಹಾಜನಿಗಳಿವೆ. ಇಷ್ಟು ಭಾಷೆಗಳು ಒಂದು ಸಣ್ಣ ಊರಿನಲ್ಲಿ ಸೇರಿದ್ದನ್ನು ಕ್ಷೇತ್ರಮಹಿಮೆ ಎಂದು ಕೊಂಡಾಡುವುದು ರೂಢಿ. ಯಾವ ಭಾಷೆ ಯಾವ ಕೆಲಸಕ್ಕೆ ಬಂತು ಎಂದು ವಿಚಾರಿಸಿದಾಗ ಮಾತ್ರ ಈ ಸಂಖ್ಯೆಗಳಿಗೆ ಅರ್ಥ ಬರುತ್ತದೆ.

ಚಂದ್ರಗಿರಿಯ ಮೇಲಿನ ಮೊದಲನೆಯ ಶಾಸನ ಸುಮಾರು ಕ್ರಿ.ಶ. 600ರದು. ಭದ್ರಬಾಹುವಿನ ಪರಂಪರೆಯನ್ನೂ, ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದ ಸಂಘವನ್ನೂ, ಈ ಬೆಟ್ಟದಲ್ಲಿ ನಡೆದ ಸಮಾಧಿಮರಣವನ್ನೂ ಅದು ಹೇಳುತ್ತದೆ. ಲಿಪಿ ಹಳಗನ್ನಡದ್ದು, ಭಾಷೆ ಸಂಸ್ಕೃತ. ಅದರ ಸುತ್ತಲೇ ಮುಂದಿನ ಒಂದೆರಡು ಶತಮಾನಗಳ ನಿಸಿಧಿಶಾಸನಗಳು ಚದುರಿಕೊಂಡಿವೆ. ಅವು ಕನ್ನಡದಲ್ಲಿವೆ, ಹಲವು ಪದ್ಯರೂಪದಲ್ಲಿವೆ. ಸಂಘದ ಇತಿಹಾಸವನ್ನು ದೇಶಾಂತರದವರೂ ಓದಬೇಕಾಗಿತ್ತು. ಅದಕ್ಕೆ ಸಂಸ್ಕೃತ ಸಲ್ಲುತ್ತಿತ್ತು. ಸಲ್ಲೇಖನ ಕೈಕೊಂಡು ದೇಹ ಬಿಟ್ಟ ಮುನಿಯನ್ನೋ ಕಂತಿಯನ್ನೋ ನೆನೆಯಬೇಕಾದವರು ಸುತ್ತಲ ಶ್ರಾವಕರು. ಅವರಿಗೆ ಕನ್ನಡವೇ ಹತ್ತಿರ. ಒಂದೇ ಬೆಟ್ಟದಲ್ಲಿ ಎರಡು ಭಾಷೆಗಳ ನಡುವೆ ಹೀಗೆ ಕೆಲಸ ಹಂಚಿಕೆಯಾದದ್ದಕ್ಕೆ ಯಾವ ಅರಸನ ಅಪ್ಪಣೆಯೂ ಬೇಕಾಗಿರಲಿಲ್ಲ.

ಸಂಸ್ಕೃತಕ್ಕೆ ಇನ್ನೊಂದು ಕೆಲಸವಿತ್ತು, ಅದು ವಾದದ ಕೆಲಸ. ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರನ್ನು ಪರಸ್ಥಳಗಳ ಸಭೆಗಳಲ್ಲಿ ಪ್ರತಿವಾದಿಗಳನ್ನು ಗೆದ್ದವರೆಂದು ವರ್ಣಿಸುತ್ತದೆ. ಸಮಂತಭದ್ರನ ಸಂಚಾರ ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿಗಳವರೆಗೆ ಹಬ್ಬಿತ್ತೆಂದು ಅದರ ಹೇಳಿಕೆ. ಬೌದ್ಧನೊಡನೆಯೋ ಮೀಮಾಂಸಕನೊಡನೆಯೋ ವಾದಕ್ಕೆ ಕೂರುವವನಿಗೆ ಪ್ರಾಕೃತ ಸಾಲದು, ಕನ್ನಡ ಸಲ್ಲದು; ಎದುರಾಳಿಯ ಭಾಷೆಯೇ ಬೇಕು. ಶ್ರಮಣಪರಂಪರೆ ಮೊದಲಿಗೆ ಜನರ ಮಾತಾದ ಪ್ರಾಕೃತವನ್ನೇ ನೆಚ್ಚಿಕೊಂಡಿದ್ದು ಸುವಿದಿತ. ಸಂಸ್ಕೃತವನ್ನು ಅದು ಅಪ್ಪಿಕೊಂಡದ್ದು ಹೆಚ್ಚಾಗಿ ಪ್ರತಿವಾದಿಗೆ ಉತ್ತರ ಕೊಡಬೇಕಾದ ಅಗತ್ಯದಿಂದ.

ಕನ್ನಡದ ಪರವಾಗಿ ವಾದಿಸಬೇಕಾದಾಗಲೂ ಇದೇ ಉಪಾಯ ಒದಗಿತು. ಇಮ್ಮಡಿ ನಾಗವರ್ಮನ ‘ಕರ್ಣಾಟಕಭಾಷಾಭೂಷಣ’ ಸಂಸ್ಕೃತ ಸೂತ್ರಗಳಲ್ಲಿ ಬರೆದ ಕನ್ನಡ ವ್ಯಾಕರಣ. 1604ರಲ್ಲಿ ಭಟ್ಟಾಕಳಂಕದೇವ ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ವೂ ಸಂಸ್ಕೃತದಲ್ಲಿಯೇ ಇದೆ. ಕನ್ನಡ ಬಲ್ಲವನಿಗೆ ಕನ್ನಡ ಕಲಿಸಲು ಸಂಸ್ಕೃತವೇಕೆ ಎಂದು ಇಂದಿನ ವಿದ್ಯಾರ್ಥಿಗೆ ಸೋಜಿಗವಾಗುವುದು ಸಹಜ. ಭಟ್ಟಾಕಳಂಕನ ಎದುರಿಗಿದ್ದ ಓದುಗ ಕನ್ನಡವನ್ನು ಶಾಸ್ತ್ರಕ್ಕೆ ಅರ್ಹವಲ್ಲವೆಂದು ಎಣಿಸುವ ಪಂಡಿತ. ಅವನನ್ನು ಒಪ್ಪಿಸುವ ಮಾತು ಅವನು ಓದುವ ಭಾಷೆಯಲ್ಲಿಯೇ ಇರಬೇಕಾಗಿತ್ತು. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲಿಯೇ ಬರೆದದ್ದು ಕನ್ನಡ ಕವಿಗಳಿಗಾಗಿ. ಇಬ್ಬರೂ ಜೈನರು, ಇಬ್ಬರ ವಿಷಯವೂ ಒಂದೇ. ಓದುಗ ಬೇರೆಯಾದುದರಿಂದ ಭಾಷೆ ಬೇರೆಯಾಯಿತು.

ವಿಂಧ್ಯಗಿರಿಯ ಗೊಮ್ಮಟನ ಪಾದಗಳ ಬಳಿಯ ಶಾಸನಗಳು ಗಾತ್ರದಲ್ಲಿ ಚಿಕ್ಕವು, ಚರ್ಚೆಗೆ ದೊಡ್ಡವು. ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದನೆಂಬ ಒಂದೇ ಸಂಗತಿ ಅಲ್ಲಿ ಮೂರು ಭಾಷೆಗಳಲ್ಲಿದೆ: ಕನ್ನಡದಲ್ಲಿ, ಗ್ರಂಥ-ವಟ್ಟೆಳುತ್ತು ಅಕ್ಷರಗಳ ತಮಿಳಿನಲ್ಲಿ, ನಾಗರಿಯ ಮರಾಠಿಯಲ್ಲಿ. ನಾಗರಿ ಸಾಲುಗಳಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯ ಕಟ್ಟಿಸಿದ ಸಂಗತಿಯೂ ಸೇರಿದೆ. ಆದ್ದರಿಂದ ಅವು ಮೂರ್ತಿಯ ಕಾಲದವಲ್ಲ, ಹನ್ನೆರಡನೆಯ ಶತಮಾನದ ಮೊದಲ ಭಾಗದವು ಎಂಬ ವಿದ್ವಾಂಸರ ಅಭಿಪ್ರಾಯ ಒಪ್ಪತಕ್ಕದ್ದು. ಇದೇ ಮರಾಠಿಯ ಮೊತ್ತಮೊದಲ ಶಾಸನವೆಂದು ಬಹುಕಾಲ ಸಾರಲಾಯಿತು. ರಾಯಗಡ ಜಿಲ್ಲೆಯ ಆಕ್ಷಿಯ 1012ರ ಶಾಸನ ಮುಂದಕ್ಕೆ ಬಂದ ಮೇಲೆ ಆ ಮಾತಿನ ಬಿಸಿ ಇಳಿದಿದೆ. ಅದು ಮರಾಠಿಯಲ್ಲ, ಕೊಂಕಣಿ ಎನ್ನುವವರೂ ಇದ್ದಾರೆ. ಯಾವ ಭಾಷೆಯವರು ಹಿರಿಯರೆಂಬ ಈ ಪೈಪೋಟಿಯಲ್ಲಿ ಮುಖ್ಯ ಪ್ರಶ್ನೆಯೊಂದು ಹಿಂದೆ ಸರಿದಿದೆ. ಕನ್ನಡನಾಡಿನ ದಂಡನಾಯಕನು ಮಾಡಿಸಿದ ಕೆಲಸವನ್ನು ಆ ಭಾಷೆಯಲ್ಲಿ ಬರೆಸಿದ್ದು ಅದನ್ನು ಓದುವವರು ಅಲ್ಲಿಗೆ ಬರುತ್ತಿದ್ದರೆಂಬ ಕಾರಣಕ್ಕೆ. ಬೆಳಗೊಳದಲ್ಲಿ ಯಾರಾದರೊಬ್ಬರು ಆ ಭಾಷೆಯನ್ನು ಬರೆಯಬಲ್ಲವರೂ ಇದ್ದರು.

ತಮಿಳಿನ ನಂಟು ಅನಂತರವೂ ಕಡಿಯಲಿಲ್ಲ. ಬೆಳಗೊಳದ ಮಠದಲ್ಲಿರುವ ಹಲವು ಲೋಹಬಿಂಬಗಳ ಪೀಠಗಳಲ್ಲಿ ಗ್ರಂಥಲಿಪಿಯ ಸಂಸ್ಕೃತ-ತಮಿಳು ಬರಹಗಳಿವೆ; ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಮಿಳುನಾಡಿನ ಶ್ರಾವಕರು ಒಪ್ಪಿಸಿದ ಕಾಣಿಕೆಗಳವು. ವಿಂಧ್ಯಗಿರಿಯ ಬಂಡೆಗಳ ಮೇಲೆ ಉತ್ತರದ ಯಾತ್ರಿಕರು ಮಾರವಾಡಿಯಲ್ಲಿ ತಮ್ಮ ಹೆಸರು, ಊರು, ಬಂದ ಸಂವತ್ಸರಗಳನ್ನು ಬರೆಸಿಹೋಗಿದ್ದಾರೆ. ಮಹಾಜನಿ ಲಿಪಿ ವರ್ತಕರ ಲೆಕ್ಕದ ಪುಸ್ತಕದ್ದು. ಸ್ವರಚಿಹ್ನೆಗಳನ್ನು ಬಹಳ ಮಟ್ಟಿಗೆ ಬಿಟ್ಟುಬಿಡುವ ಬರಹ ಅದು, ಬರೆದವನಿಗೇ ಮರುದಿನ ಓದಲು ಬಾರದೆಂಬ ಹಾಸ್ಯಕ್ಕೆ ಗುರಿಯಾದದ್ದು. ಇವುಗಳ ಸಾಹಿತ್ಯಗುಣ ಸೊನ್ನೆ. ಆದರೆ ಬೆಳಗೊಳದ ಪೂಜಾರಿಗೂ ಅಂಗಡಿಯವನಿಗೂ ಯಾವ ಪರಭಾಷೆ ಕಿವಿಗೆ ಬೀಳುತ್ತಿತ್ತೆಂಬುದನ್ನು ಇಷ್ಟು ನೇರವಾಗಿ ಹೇಳುವ ದಾಖಲೆ ಬೇರಿಲ್ಲ.

ಇದಕ್ಕೆ ಪ್ರತಿಯಾಗಿ 1368ರ ಬುಕ್ಕರಾಯನ ಶಾಸನವನ್ನು ನೋಡಬಹುದು. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವಿವಾದವನ್ನು ಅರಸನು ಬಗೆಹರಿಸಿದ ದಾಖಲೆ ಅದು. ವಿವಾದದ ಒಂದು ಪಕ್ಷದ ಆಗಮ ಪ್ರಾಕೃತದ್ದು, ಇನ್ನೊಂದು ಪಕ್ಷದ ಪ್ರಬಂಧ ತಮಿಳಿನದು, ಎರಡೂ ಪಕ್ಷಗಳ ಪಂಡಿತರಿಗೆ ಸಂಸ್ಕೃತ ಸಾಮಾನ್ಯ. ಆದರೂ ತೀರ್ಪು ಇರುವುದು ಕನ್ನಡದಲ್ಲಿ. ಜಗಳವಾಡಿದವರೂ ಅದನ್ನು ಮುಂದೆ ಪಾಲಿಸಬೇಕಾದವರೂ ಓದಿಸಿ ಕೇಳಿ ತಿಳಿಯಬೇಕಾದ ಮಾತು ಬೇರೆ ಯಾವ ಭಾಷೆಯಲ್ಲಿದ್ದರೂ ಅದರ ಉದ್ದೇಶ ಕೆಡುತ್ತಿತ್ತು.

ಇನ್ನು ಪ್ರಾಕೃತದ ವಿಚಾರ. ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಕನ್ನಡದಲ್ಲಿ 978ರಲ್ಲಿ ‘ತ್ರಿಷಷ್ಟಿಲಕ್ಷಣ ಮಹಾಪುರಾಣ’ವನ್ನು ಬರೆದ, ಸಂಸ್ಕೃತದಲ್ಲಿ ‘ಚಾರಿತ್ರಸಾರ’ವನ್ನು ಬರೆದ. ಅವನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಪ್ರಾಕೃತಗಾಹೆಗಳಲ್ಲಿ ‘ಗೊಮ್ಮಟಸಾರ’ವನ್ನು ರಚಿಸಿದ. ಜೀವಕಾಂಡ, ಕರ್ಮಕಾಂಡಗಳೆಂಬ ಎರಡು ಭಾಗಗಳ ಆ ಗ್ರಂಥ ಪ್ರಾಚೀನ ಸಿದ್ಧಾಂತಗ್ರಂಥಗಳ ಸಂಗ್ರಹ. ಗೊಮ್ಮಟ ಎಂಬುದು ಚಾವುಂಡರಾಯನದೇ ಹೆಸರು. ಮೂಲಗ್ರಂಥದ ಬಿಗಿತದಿಂದಾಗಿ ವ್ಯಾಖ್ಯಾನ ಅನಿವಾರ್ಯವಾಯಿತು. 1359ರಲ್ಲಿ ಕೇಶವವರ್ಣಿ ಅದಕ್ಕೆ ಸಂಸ್ಕೃತಭೂಯಿಷ್ಠವಾದ ಕನ್ನಡದಲ್ಲಿ ‘ಜೀವತತ್ತ್ವಪ್ರದೀಪಿಕೆ’ ಎಂಬ ವೃತ್ತಿಯನ್ನು ಬರೆದ. ಸುಮಾರು ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ನೇಮಿಚಂದ್ರನೆಂಬುದೇ ಹೆಸರಿನ ಮತ್ತೊಬ್ಬ ವಿದ್ವಾಂಸ, ಚಿತ್ರಕೂಟದಲ್ಲಿ, ಎಂದರೆ ಇಂದಿನ ಚಿತ್ತೋಡದಲ್ಲಿ, ಅದೇ ಹೆಸರಿನ ಸಂಸ್ಕೃತ ಟೀಕೆಯನ್ನು ರಚಿಸಿದ. ಕರ್ಣಾಟಕವೃತ್ತಿಯನ್ನು ಅನುಸರಿಸಿ ಬರೆದದ್ದೆಂದು ಅವನೇ ಒಪ್ಪಿಕೊಂಡಿದ್ದಾನೆ. ಆ ಸಂಸ್ಕೃತ ಟೀಕೆಯನ್ನು ಆಧಾರವಾಗಿಟ್ಟುಕೊಂಡು ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲ ಢೂಂಢಾರಿ ಭಾಷೆಯಲ್ಲಿ ‘ಸಮ್ಯಗ್ಜ್ಞಾನಚಂದ್ರಿಕೆ’ಯನ್ನು ಬರೆದ. ಉತ್ತರಭಾರತದ ಸಾಮಾನ್ಯ ಶ್ರಾವಕನಿಗೆ ಗೊಮ್ಮಟಸಾರ ತಲುಪಿದ್ದು ಮುಖ್ಯವಾಗಿ ಈ ದಾರಿಯಿಂದ.

ಪ್ರಾಕೃತದಿಂದ ಕನ್ನಡಕ್ಕೆ, ಕನ್ನಡದಿಂದ ಸಂಸ್ಕೃತಕ್ಕೆ, ಸಂಸ್ಕೃತದಿಂದ ಢೂಂಢಾರಿಗೆ: ಈ ಸರಣಿಯಲ್ಲಿ ಕನ್ನಡದ ಸ್ಥಾನ ಗಮನಾರ್ಹ. ಕನ್ನಡಿಗರು ಕಲಿಯಬೇಕಾದ ಹೆಚ್ಚಿನ ಭಾಷೆಗಳನ್ನು ಕುರಿತು ಮಾತನಾಡುವಾಗ, ಒಂದು ಕಾಲಕ್ಕೆ ಬೇರೆಯವರು ಕಲಿಯಬೇಕಾದ ಹೆಚ್ಚಿನ ಭಾಷೆ ಕನ್ನಡವಾಗಿತ್ತೆಂಬುದು ಮರೆತುಹೋಗುತ್ತದೆ. ಚಿತ್ತೋಡದಲ್ಲಿ ಕುಳಿತು ಬರೆದ ಆ ಟೀಕಾಕಾರನಿಗೆ ಕನ್ನಡ ಬಾರದೆ ಹೋಗಿದ್ದರೆ ಟೋಡರಮಲ್ಲನಿಗೆ ಆಧಾರವಾದ ಗ್ರಂಥ ಈ ರೂಪದಲ್ಲಿ ಇರುತ್ತಿರಲಿಲ್ಲ. ಈ ಸಂಸ್ಕೃತ ಟೀಕೆಯನ್ನು ಕೇಶವವರ್ಣಿಯದೇ ಎಂದು ಬಹುಕಾಲ ತಪ್ಪಾಗಿ ತಿಳಿಯಲಾಗಿತ್ತು. ಅದು ಬೇರೆಯವನದು, ಕೇಶವವರ್ಣಿಯದು ಕನ್ನಡದ ವೃತ್ತಿ ಎಂಬುದನ್ನು ತೋರಿಸಿಕೊಟ್ಟವರು ಡಾ. ಆ. ನೇ. ಉಪಾಧ್ಯೆ. ಎರಡೂ ಹಸ್ತಪ್ರತಿಗಳನ್ನು, ಎರಡೂ ಭಾಷೆಗಳಲ್ಲಿ ಓದಬಲ್ಲವರು ಆ ವರೆಗೆ ಆ ಪ್ರಶ್ನೆಯನ್ನು ಎತ್ತಿಕೊಂಡಿರಲಿಲ್ಲ.

ಇಂತಹ ಅನುಭವ ಬೆಳಗೊಳಕ್ಕೆ ಮಾತ್ರ ಮೀಸಲಲ್ಲ. ಪಶ್ಚಿಮ ಏಷ್ಯದ ಅರ್ಮೇನಿಯನ್ನರು ಸಂಖ್ಯೆಯಲ್ಲಿ ಸಣ್ಣವರು, ದೊಡ್ಡ ಸಾಮ್ರಾಜ್ಯಗಳ ನಡುವೆ ಸಿಕ್ಕಿಕೊಂಡವರು. ಐದನೆಯ ಶತಮಾನದ ಆರಂಭದಲ್ಲಿ ಮೆಸ್ರೋಪ್ ಮಾಷ್ಟೋತ್ಸನು ಅವರ ಭಾಷೆಗೆ ಲಿಪಿಯನ್ನು ರೂಪಿಸಿದ ಮೇಲೆ, ಅವನ ಶಿಷ್ಯರು ಗ್ರೀಕ್ ಮತ್ತು ಸಿರಿಯಾಕ್ ಕಲಿತು ಬಂದು ಧರ್ಮಗ್ರಂಥಗಳನ್ನು ತಮ್ಮ ಭಾಷೆಗೆ ತಂದರು. ಮುಂದೆ ಗ್ರೀಕ್ ಮೂಲಗಳೇ ಕೆಲವು ಅಳಿದುಹೋದವು. ಯೂಸೆಬಿಯಸನ ಕಾಲಾನುಕ್ರಮಣಿಕೆಯ ಮೊದಲ ಭಾಗ, ಫಿಲೋನ ಕೆಲವು ವ್ಯಾಖ್ಯಾನಗಳು ಇಂದು ಮುಖ್ಯವಾಗಿ ಅರ್ಮೇನಿಯನ್ ಅನುವಾದದಿಂದಲೇ ತಿಳಿದುಬರುತ್ತವೆ. ಅವುಗಳಿಗಾಗಿ ಯುರೋಪಿನ ಪಂಡಿತರು ಅರ್ಮೇನಿಯನ್ ಕಲಿಯಬೇಕಾಯಿತು. ಅರ್ಮೇನಿಯನ್ ವರ್ತಕರು ಭಾರತಕ್ಕೆ ಬಂದಾಗ ಇಲ್ಲಿನ ಅರಮನೆಗಳಲ್ಲಿ ನಡೆಯುತ್ತಿದ್ದ ಪಾರಸಿಯೇ ಅವರಿಗೆ ನೆರವಾಯಿತು. ಆದರೆ ಅವರ ಮೊದಲ ನಿಯತಕಾಲಿಕ ‘ಅಜ್ದರಾರ್’ 1794ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ, ಅವರದೇ ಭಾಷೆಯಲ್ಲಿ, ಅವರದೇ ಲಿಪಿಯಲ್ಲಿ. ಪರಭಾಷೆಯಲ್ಲಿ ವ್ಯಾಪಾರ, ಸ್ವಭಾಷೆಯಲ್ಲಿ ಬರಹ: ವಿಂಧ್ಯಗಿರಿಯ ಮಾರವಾಡಿ ಯಾತ್ರಿಕರಿಗೆ ಈ ಮಾತು ಅಪರಿಚಿತವೆನಿಸುತ್ತಿರಲಿಲ್ಲ.

ಮೂಲವು ಪರಭಾಷೆಯದು, ಉಳಿಸಿಕೊಂಡದ್ದು ಕನ್ನಡನಾಡು ಎಂಬ ಮಾತಿಗೆ ಧವಲಗ್ರಂಥಗಳಿಗಿಂತ ದೊಡ್ಡ ಸಾಕ್ಷ್ಯವಿಲ್ಲ. ಪುಷ್ಪದಂತ-ಭೂತಬಲಿಗಳ ‘ಷಟ್ಖಂಡಾಗಮ’ದ ಸೂತ್ರಗಳು ಪ್ರಾಕೃತದಲ್ಲಿವೆ. ಅದರ ಮೇಲೆ ವೀರಸೇನಾಚಾರ್ಯನು 816ರಲ್ಲಿ ಮುಗಿಸಿದ ‘ಧವಲಾ’ ಟೀಕೆ ಪ್ರಾಕೃತ-ಸಂಸ್ಕೃತಗಳನ್ನು ಬೆರೆಸಿದ್ದು. ‘ಕಸಾಯಪಾಹುಡ’ದ ಮೇಲಿನ ‘ಜಯಧವಲಾ’ವನ್ನು ಅವನ ಶಿಷ್ಯ ಜಿನಸೇನನು 837ರಲ್ಲಿ ಪೂರ್ಣಗೊಳಿಸಿದ. ದಿಗಂಬರ ಸಿದ್ಧಾಂತದ ಬುಡವೇ ಆದ ಈ ಗ್ರಂಥಗಳ ಪ್ರಾಚೀನ ಓಲೆಪ್ರತಿಗಳು ಕೊನೆಗೆ ಉಳಿದದ್ದು ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಮಾತ್ರ. ಅಕ್ಷರ ಹಳಗನ್ನಡದ್ದು, ಭಾಷೆ ಪ್ರಾಕೃತ-ಸಂಸ್ಕೃತ. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಲಿಪಿ ಬಲ್ಲ ಸ್ಥಳೀಯನಿಗೆ ಭಾಷೆ ತಿಳಿಯದು. ಭಾಷೆ ಬಲ್ಲ ಉತ್ತರದ ಪಂಡಿತನಿಗೆ ಲಿಪಿ ತಿಳಿಯದು. ಗ್ರಂಥ ಕಣ್ಣೆದುರಿಗೇ ಇತ್ತು, ಓದುಗನಿರಲಿಲ್ಲ.

1880ರ ದಶಕದಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಮೂಡಬಿದಿರೆಗೆ ಯಾತ್ರೆ ಬಂದಾಗ, ಇವುಗಳನ್ನು ಓದಬಲ್ಲವರು ಯಾರೆಂದು ವಿಚಾರಿಸಿದರು. ಅವರಿಗೆ ದೊರೆತ ಹೆಸರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳದು. ಸೊಲ್ಲಾಪುರದ ಹೀರಾಚಂದ ನೇಮಚಂದರು ಶಾಸ್ತ್ರಿಗಳನ್ನು ಮೂಡಬಿದಿರೆಗೆ ಕರೆದೊಯ್ದು ಓದಿಸಿ ಕೇಳಿದರು. 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಆರಂಭವಾದಾಗ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಶಾಸ್ತ್ರಿಗಳೂ ಅದಕ್ಕೆ ನಿಯುಕ್ತರಾದರು. ಕೆಲಸ ಇನ್ನೂ ಮೊದಲ ಹಂತದಲ್ಲಿರುವಾಗಲೇ ಬ್ರಹ್ಮಸೂರಿ ಶಾಸ್ತ್ರಿಗಳು ತೀರಿಕೊಂಡರು. ಗಜಪತಿ ಶಾಸ್ತ್ರಿಗಳು ನಾಗರಿ ಪ್ರತಿಯನ್ನು ಮುಂದುವರಿಸಿದರು. ಜೊತೆಗೆ ಕನ್ನಡ ಲಿಪಿಯ ಪ್ರತಿಯೂ ನಡೆಯಿತು. ಮೂರು ಸಿದ್ಧಾಂತಗ್ರಂಥಗಳ ಪ್ರತಿಕಾರ್ಯ ಮುಗಿಯುವಾಗ 1922 ಬಂದಿತ್ತು.

ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಬಾರದೆಂಬುದು ಅಲ್ಲಿಯವರ ನಿಲುವು. ಗಜಪತಿ ಶಾಸ್ತ್ರಿಗಳು ಪತ್ನಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿಕೊಂಡಿದ್ದರು. ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅವರ ಈ ನಡೆ ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದಿಲ್ಲದಿದ್ದರೆ ಮುದ್ರಣ ಇನ್ನೆಷ್ಟು ತಡವಾಗುತ್ತಿತ್ತೋ ಎಂಬುದನ್ನೂ ಎಣಿಸಬೇಕು. ಸಹಾರನಪುರದಲ್ಲಿ ಕನ್ನಡ ಅಕ್ಷರ ಬಲ್ಲವರಿರಲಿಲ್ಲ. ವಿಜಯಚಂದ್ರಯ್ಯ ಎಂಬ ಕನ್ನಡ ಬಲ್ಲ ಪಂಡಿತರು ಓದಿ ಹೇಳುವುದು, ಸೀತಾರಾಮ ಶಾಸ್ತ್ರಿಗಳು ಕೇಳಿ ನಾಗರಿಯಲ್ಲಿ ಬರೆಯುವುದು ಎಂದು ಏರ್ಪಾಡಾಯಿತು. ಹೀಗೆ ಒಬ್ಬರ ಬಾಯಿಂದ ಇನ್ನೊಬ್ಬರ ಲೇಖನಿಗೆ ಇಳಿದ ಪಾಠದಿಂದ ಮತ್ತೆ ಪ್ರತಿಗಳಾಗಿ ಅವು ಆರಾ, ಕಾರಂಜಾ, ಅಮರಾವತಿಗಳನ್ನು ಮುಟ್ಟಿದವು. ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹಿಂದಿ ಅನುವಾದದೊಡನೆ ಪ್ರಕಟಿಸಿದಾಗ ಅವರ ಮುಂದಿದ್ದವು ಇಂತಹ ಪ್ರತಿಯ ಪ್ರತಿಗಳು.

ಪಾಠದ ಈ ದೂರಪ್ರಯಾಣ ಏನು ಮಾಡಬಲ್ಲದೆಂಬುದು ‘ಜೀವಟ್ಠಾಣ’ದ 93ನೆಯ ಸೂತ್ರದಲ್ಲಿ ಬಯಲಾಯಿತು. ಮನುಷ್ಯಗತಿಯ ಸ್ತ್ರೀಯರಿಗೆ ಯಾವ ಯಾವ ಗುಣಸ್ಥಾನಗಳು ಸಂಭವಿಸುತ್ತವೆಂದು ಹೇಳುವ ಸೂತ್ರ ಅದು. ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ‘ಸಂಜದ’, ಎಂದರೆ ಸಂಯತ, ಎಂಬ ಪದವಿರಲಿಲ್ಲ. ಅರ್ಥಸಂಗತಿಗೆ ಆ ಪದ ಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಒಡನೆಯೇ ಪಂಡಿತವಲಯದಲ್ಲಿ ದೊಡ್ಡ ವಾದವೆದ್ದಿತು. ಸ್ತ್ರೀಗೆ ಪೂರ್ಣಸಂಯಮದ ನೆಲೆ ಇದೆಯೇ, ಇದ್ದರೆ ಯಾವ ಅರ್ಥದ ಸ್ತ್ರೀಗೆ, ದ್ರವ್ಯಸ್ತ್ರೀಗೋ ಭಾವಸ್ತ್ರೀಗೋ, ಎಂಬ ಸಿದ್ಧಾಂತದ ಪ್ರಶ್ನೆ ಮೂರಕ್ಷರದ ಒಂದು ಪದದ ಮೇಲೆ ನಿಂತಿತ್ತು. ಪುಟಗಟ್ಟಲೆ ಖಂಡನ-ಮಂಡನಗಳು ಅಚ್ಚಾದವು. ಕೊನೆಗೆ ಮೂಡಬಿದಿರೆಯಲ್ಲಿ ಓಲೆಪ್ರತಿಯನ್ನೇ ತೆರೆದು ನೋಡಿಸಿದಾಗ ‘ಸಂಜದ’ ಅಲ್ಲಿತ್ತು. ಅರ್ಥದ ಚರ್ಚೆ ಆ ಮೇಲೂ ನಿಲ್ಲಲಿಲ್ಲ. ಪಾಠದ ಚರ್ಚೆಯನ್ನು ಮುಗಿಸಲು ಹಳಗನ್ನಡ ಅಕ್ಷರವನ್ನೂ ಪ್ರಾಕೃತವನ್ನೂ ಒಟ್ಟಿಗೆ ಬಲ್ಲ ಒಂದು ಜೊತೆ ಕಣ್ಣು ಸಾಕಾಯಿತು. ಪ್ರತಿ ಮಾಡುವಾಗಲೇ ಅಂತಹ ಕಣ್ಣು ಹಂತಹಂತದಲ್ಲಿ ಇದ್ದಿದ್ದರೆ ಆ ಪದ ಬಿಟ್ಟುಹೋಗುತ್ತಿರಲಿಲ್ಲವೇನೋ.

ಸಿದ್ಧಾಂತಗ್ರಂಥಗಳ ಮಾತು ಸಾಹಿತ್ಯದ ವಿದ್ಯಾರ್ಥಿಗೆ ದೂರದ್ದೆನಿಸಬಹುದು. ಕನ್ನಡ ಗದ್ಯದ ಆದಿಕೃತಿಗಳಲ್ಲಿ ಒಂದಾದ ‘ವಡ್ಡಾರಾಧನೆ’ ಅವನಿಗೆ ಹತ್ತಿರದ್ದು. ಅದರ 19 ಕಥೆಗಳೂ ಪ್ರಾಕೃತ ಗಾಹೆಗಳಿಂದ ತೊಡಗುತ್ತವೆ. ಆ ಗಾಹೆಗಳು ಶಿವಾರ್ಯನ ‘ಭಗವತೀ ಆರಾಧನಾ’ಕ್ಕೆ ಸಂಬಂಧಿಸಿದವು. ಅದರ ಕರ್ತೃ ಯಾರು, ಹೆಸರೇನು, ಕಾಲವೇನು ಎಂಬ ಯಾವ ಪ್ರಶ್ನೆಯೂ ಪ್ರಾಕೃತದ ಕಥಾಪರಂಪರೆಯನ್ನು ಬಿಟ್ಟು ಬಗೆಹರಿಯುವುದಿಲ್ಲ. ಕನ್ನಡದ ನಿತ್ಯದ ಪದಗಳಾದರೂ ಅಷ್ಟೆ. ‘ಒಜ್ಜ’ ಎಂಬುದನ್ನು ‘ಉಪಾಧ್ಯಾಯ’ಕ್ಕೆ ನೇರವಾಗಿ ಜೋಡಿಸಿದರೆ ನಡುವಿನ ದಾರಿ ಕಾಣದು, ‘ಉವಜ್ಝಾಯ’ ಎಂಬ ಪ್ರಾಕೃತರೂಪ ನಡುವೆ ನಿಂತಾಗ ದಾರಿ ತಾನೇ ತೆರೆಯುತ್ತದೆ. ಅಕ್ಕರ, ಸಾವಿರ, ಸಿರಿ, ಬಿನ್ನಪ, ಬಸದಿ, ಸವಣ ಇವೆಲ್ಲ ಇದೇ ಬಗೆಯವು. ಕೇಶಿರಾಜ ಅಪಭ್ರಂಶಪ್ರಕರಣವನ್ನೇ ಬರೆದು ಇವುಗಳ ಲೆಕ್ಕ ಕೊಟ್ಟಿದ್ದಾನೆ. ಹತ್ತನೆಯ ಶತಮಾನದ ಮಾನ್ಯಖೇಟದಲ್ಲಿ, ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಪೊನ್ನ ಕನ್ನಡದಲ್ಲಿಯೂ ಪುಷ್ಪದಂತ ಅಪಭ್ರಂಶದಲ್ಲಿಯೂ ಬರೆಯುತ್ತಿದ್ದರು. ಒಂದೇ ಪಟ್ಟಣದ ಈ ಸಮಕಾಲೀನರನ್ನು ಇಂದು ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು, ಒಬ್ಬರನ್ನೊಬ್ಬರು ವಿಚಾರಿಸದೆ ಓದುತ್ತಾರೆ. ಕನ್ನಡ ಸ್ನಾತಕೋತ್ತರ ಶಿಕ್ಷಣದ ಕೊರತೆಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲವೆಂದರೆ ಅತಿಶಯೋಕ್ತಿಯಾಗದು.

ಈ ಗೆರೆಗಳನ್ನು ಸಲೀಸಾಗಿ ದಾಟಿದವರು ಉಪಾಧ್ಯೆಯವರು. 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ ಹುಟ್ಟಿದ ಅವರಿಗೆ ಕನ್ನಡವೂ ಮರಾಠಿಯೂ ಗಡಿಯ ಗಾಳಿಯಿಂದಲೇ ಬಂದವು. ಕೊಲ್ಲಾಪುರದ ರಾಜಾರಾಂ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಮೂರು ದಶಕ ಕಲಿಸಿದರು. ಕುಂದಕುಂದರ ‘ಪ್ರವಚನಸಾರ’ವನ್ನು 1935ರಲ್ಲಿ, ಹರಿಷೇಣನ ಸಂಸ್ಕೃತ ‘ಬೃಹತ್ಕಥಾಕೋಶ’ವನ್ನು 1943ರಲ್ಲಿ ಸಂಪಾದಿಸಿದರು. ಪೀಠಿಕೆಗಳನ್ನು ಇಂಗ್ಲಿಷಿನಲ್ಲಿ ಬರೆದದ್ದು ಜಗತ್ತಿನ ವಿದ್ವಾಂಸರು ಓದಲೆಂದು. ‘ವಡ್ಡಾರಾಧನೆ’ಯ ಮೂಲಗಳ ಚರ್ಚೆ ಆ ‘ಬೃಹತ್ಕಥಾಕೋಶ’ದ ಪೀಠಿಕೆಯಲ್ಲಿಯೇ ಇದೆ. ಜೀವನದ ಬಹುಭಾಗ ಪ್ರಾಕೃತಕ್ಕೆ ದುಡಿದ ಈ ವಿದ್ವಾಂಸರನ್ನು 1967ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕನ್ನಡಿಗರು ಆರಿಸಿದರು. ಆ ಸಮ್ಮೇಳನ ನಡೆದದ್ದು ಶ್ರವಣಬೆಳಗೊಳದಲ್ಲಿ. ಪ್ರಾಕೃತದ ಅಧ್ಯಯನವೂ ಕನ್ನಡದ ಕೆಲಸವೇ ಎಂಬ ಮಾತಿಗೆ ಅಂದು ಪರಿಷತ್ತಿನ ಒಪ್ಪಿಗೆ ಬಿದ್ದಂತಾಯಿತು.

ಸ್ವಸ್ತಿಶ್ರೀ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರ ಕಾಲದಲ್ಲಿ ಬೆಳಗೊಳದಲ್ಲಿಯೇ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆ ರೂಪುಗೊಂಡಿತು. ಧವಲಗ್ರಂಥಗಳನ್ನು ಕನ್ನಡಕ್ಕೆ ಅನುವಾದಿಸುವ ಕಾರ್ಯವನ್ನೂ ಅದು ಕೈಗೊಂಡಿತು. ಕನ್ನಡ ಅಕ್ಷರದಲ್ಲಿ ಉಳಿದು, ಹಿಂದಿಯಲ್ಲಿ ಮೊದಲು ಅರ್ಥ ಪಡೆದ ಗ್ರಂಥ ಕನ್ನಡಕ್ಕೆ ಬರಲು ಇಷ್ಟು ಕಾಲ ಹಿಡಿಯಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ನೀಡಿದೆ. ಕನ್ನಡಕ್ಕೆ ಆ ಸ್ಥಾನ 2008ರಲ್ಲಿಯೇ ದೊರೆತಿತ್ತು. ಎರಡನ್ನೂ ಒಂದೇ ತರಗತಿಯಲ್ಲಿ ಕಲಿಸುವ ಏರ್ಪಾಡು ಈಗ ಆಗಬೇಕಾದದ್ದು; ಗೌರವದ ಪಟ್ಟಗಳು ಹಸ್ತಪ್ರತಿಯನ್ನು ಓದಿಕೊಡುವುದಿಲ್ಲ.

ಮಸ್ತಕಾಭಿಷೇಕದ ಹೊತ್ತಿಗೆ ಬೆಳಗೊಳದ ಬೀದಿಗಳಲ್ಲಿ ಹಿಂದಿ, ಗುಜರಾತಿ, ಮರಾಠಿ ಕೇಳಿಬರುತ್ತವೆ. ಸುತ್ತಲಿನ ಊರುಗಳಿಂದ ಅಂಗಡಿ, ವಾಹನ, ಅಡುಗೆಯ ಕೆಲಸಗಳಿಗೆ ಬರುವವರು ತಮಗೆ ಬೇಕಾದಷ್ಟು ಹಿಂದಿಯನ್ನು ತಾವೇ ಕಲಿತುಕೊಳ್ಳುತ್ತಾರೆ. ಅದಕ್ಕೆ ಶಾಲೆ ಬೇಕಿಲ್ಲ, ಬಂಡೆಯ ಮೇಲೆ ಮಹಾಜನಿ ಬರೆಸಿದವರ ಕಾಲದಲ್ಲಿಯೂ ಬೇಕಿರಲಿಲ್ಲ. ವ್ಯವಹಾರದ ಭಾಷೆಯನ್ನು ವ್ಯವಹಾರವೇ ಕಲಿಸುತ್ತದೆ. ಯಾವ ಯಾತ್ರಿಕನೂ ಆಡದ, ಯಾವ ಅಂಗಡಿಯಲ್ಲಿಯೂ ನಡೆಯದ ಪ್ರಾಕೃತಕ್ಕೆ ಮಾತ್ರ ಗುರು ಬೇಕು, ಪಾಠ ಬೇಕು, ಹತ್ತಾರು ವರ್ಷಗಳ ಅವಧಿ ಬೇಕು. ಬ್ರಹ್ಮಸೂರಿ ಶಾಸ್ತ್ರಿಗಳ ಹೆಸರು ಮೂಡಬಿದಿರೆಯಲ್ಲಿ ಕೇಳಿಬಂದದ್ದು ಅಂತಹ ಪಾಠದ ಪರಂಪರೆಯೊಂದು ಬೆಳಗೊಳದಲ್ಲಿ ಇನ್ನೂ ಉಸಿರಾಡುತ್ತಿದ್ದುದರಿಂದ.

ಮೂಡಬಿದಿರೆಯ ವಿದ್ವಾಂಸ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳಲ್ಲಿರುವ ಓಲೆಪ್ರತಿಗಳ ಸೂಚಿಯೊಂದನ್ನು ಸಿದ್ಧಪಡಿಸಿದರು. ಭಾರತೀಯ ಜ್ಞಾನಪೀಠ ಅದನ್ನು 1948ರಲ್ಲಿ ಪ್ರಕಟಿಸಿತು. ಸೂಚಿಯ ಭಾಷೆ ಹಿಂದಿ. ಅದರಲ್ಲಿ ನಮೂದಾಗಿರುವ ಗ್ರಂಥಗಳು ಪ್ರಾಕೃತ, ಸಂಸ್ಕೃತ, ಕನ್ನಡಗಳವು. ಆ ಓಲೆಗಳ ಅಕ್ಷರ ಕನ್ನಡದ್ದು. ಮುಂದೆ ಕೇಶವವರ್ಣಿಯ ಕನ್ನಡ ವೃತ್ತಿ ಉಪಾಧ್ಯೆ ಮತ್ತು ಕೈಲಾಶಚಂದ್ರ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅದೇ ಜ್ಞಾನಪೀಠದಿಂದಲೇ ಹೊರಬಂದಿತು. ಅದರ ಕನ್ನಡ ಅಚ್ಚಾಗಿರುವುದು ನಾಗರಿ ಲಿಪಿಯಲ್ಲಿ.